ಇಲ್ಲ ರೀ, ಅವರು ಅಳ್ತಾ ಇಲ್ಲ

"ಯಾಕ್ರಿ, ನಿಮ್ಮ ಚಿತ್ರದಾಗಿನ ಮಂದಿ ಎಲ್ಲಾ ಅಳಕೋತ ಕುಂತಾರಲ್ಲ?"

ನಾನು ಮರದ ಹಲಗೆ ಮೇಲೆ ಮುಖ ಕೆತ್ತಿ, ಮಸಿ ಹಚ್ಚಿ, ಕಾಗದಕ್ಕೆ ಅಚ್ಚು ಒತ್ತುತ್ತೇನೆ. ಕೊಪ್ಪಳದಲ್ಲಿ ಅದನ್ನು ನೋಡಿದವರೆಲ್ಲ ಕೇಳುವುದು ಇದನ್ನೇ. ಮೊದಲೆಲ್ಲ ಚಹಾ ಕುಡಿಸಿ ಉತ್ತರ ಹೇಳುತ್ತಿದ್ದೆ. ಈಗ ಚಹಾ ಬಂದ್. ಇದನ್ನೇ ಓದಿಕೊಳ್ಳಿ.

ಅಳ್ತಾ ಇಲ್ಲ. ಅದು ಬಿಸಿಲು.

ಹೀಗಂದದ್ದು ನನ್ನ ಸೋದರತ್ತೆ. ಒಂದು ಏಪ್ರಿಲ್ ತಿಂಗಳು ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಏನಕ್ಕೋ ನಗುತ್ತಿದ್ದಳು. ಆ ಮುಖವನ್ನೇ ಕೆತ್ತಿದೆ. ಎರಡು ವಾರದ ಕೆಲಸ. ಉಳಿ ಆಡಿದ ಜಾಗ ಬಿಳಿ, ಬಿಟ್ಟ ಜಾಗ ಕಪ್ಪು. ನಡುವಿನ ಬೂದು ಬೇಕಂದ್ರೆ ಗೆರೆ ಪಕ್ಕ ಗೆರೆ ಎಳೆದು ಕಣ್ಣಿಗೆ ಮೋಸ ಮಾಡಬೇಕು. ಆದರೆ ನಕ್ಕಾಗ ಕಣ್ಣಂಚಲ್ಲಿ ಬೀಳುವ ಗೆರೆಗೂ ಅತ್ತಾಗಿನ ಗೆರೆಗೂ ಫರಕೇ ಇಲ್ಲ. ಫರಕು ಇರುವುದು ಬಾಯಿ ತುದಿಯಲ್ಲಿ, ಒಂದು ಅಕ್ಕಿಕಾಳಿನಷ್ಟು. ಉಳಿ ಜಾರಿದ್ದೂ ಅಲ್ಲೇ. ಪಕ್ಕದ ಕಿನ್ನಾಳದ ಗೊಂಬೆಯವರ ಹತ್ತಿರ ಹುಣಸೆ ಬೀಜದ ಅಂಟಿಗೆ ಮರದ ಪುಡಿ ಕಲಸಿದ ಕಿಟ್ಟ ಇರುತ್ತದೆ, ಮೆತ್ತಬಹುದು. ನನ್ನದು ಹೋದರೆ ಹೋಯಿತು.

ಅಂಜುತ್ತಲೇ ತೋರಿಸಿದೆ. ಪಕ್ಕದ ಮನೆಯಾಕೆ ಮೊದಲು ಇಣುಕಿದಳು. "ಅಯ್ಯ, ಇದರಾಗ ಅಳಾಕತ್ತೀಯಲ್ಲಬೇ!"

"ಅಳಾಕ ನನಗೇನಾಗೇತಿ? ಬಿಸಿಲಿಗೆ ಕಣ್ಣು ಸಣ್ಣ ಮಾಡೀನಿ." ಆಮೇಲೆ ನನ್ನ ಕಡೆ ತಿರುಗಿದಳು. "ಲೇ, ಎಡಕ್ಕಿದ್ದ ಮೂಗುಬೊಟ್ಟು ಬಲಕ್ಕ್ಯಾಕ ಹೋತು?"

ಅಚ್ಚಿನಲ್ಲಿ ಎಲ್ಲ ಉಲ್ಟಾ ಬೀಳುತ್ತದೆ. ಇಷ್ಟು ವರ್ಷ ಆದರೂ ಮರೆತಿದ್ದೆ.

"ನಗುಮುಖ ಮಾಡಿ, ಜಾಸ್ತಿ ಮಾರ್ತಾವ" ಅನ್ನುವವರಿಗೆ ಒಂದೇ ಮಾತು: ಬಸ್ ಸ್ಟ್ಯಾಂಡ್ ಕಡೆ ಫೋಟೋ ಸ್ಟುಡಿಯೋ ಇರುತ್ತವೆ.

"ಯಾವುದನ್ನು ಕೆತ್ತದೆ ಬಿಟ್ಟಿ?" ಅಂತ ಯಾರಾದರೂ ಕೇಳಲಿ, ಇವತ್ತೂ ಚಹಾ ಕುಡಿಸುತ್ತೇನೆ. ಜರ್ಮನಿಯಲ್ಲಿ ಕೇಟೆ ಕೋಲ್ವಿಟ್ಸ್ ಅಂತ ಇದ್ದಳು. 1914ರಲ್ಲಿ ಯುದ್ಧಕ್ಕೆ ಹೋದ ಮಗ ಪೀಟರ್ ಅಲ್ಲೇ ಸತ್ತ. ವರ್ಷಗಳು ಕಳೆದ ಮೇಲೆ, 1920ರ ದಶಕದ ಶುರುವಿನಲ್ಲಿ, ಆಕೆ ಯುದ್ಧದ ಬಗ್ಗೆ 7 ಮರದಚ್ಚು ಮಾಡಿದಳು. ಒಂದರಲ್ಲಿ ಅಪ್ಪ, ಅವ್ವ ಮಂಡಿಯೂರಿದ್ದಾರೆ. ಅಪ್ಪನ ಮುಖಕ್ಕೆ ಅವನದೇ ಕೈ ಅಡ್ಡ. ಅವ್ವ ಬಗ್ಗಿಬಿಟ್ಟಿದ್ದಾಳೆ, ಮುಖವೇ ಕಾಣುವುದಿಲ್ಲ. ಇಬ್ಬರೂ ಸೇರಿ ಒಂದೇ ಕಪ್ಪು ಗುಡ್ಡೆ. ಒಂದು ಕಣ್ಣೂ ತೋರಿಸದೆ ಅಷ್ಟು ಅಳು ತಂದಿದ್ದಾಳೆ. ನಾನೋ ಕಣ್ಣಿನ ಸುತ್ತ ನಲವತ್ತು ಗೆರೆ ಎಳೆದು, ಮೇಲೆ ಬಿಸಿಲು ಅಂತ ಸಮಜಾಯಿಷಿ ಬೇರೆ ಕೊಡಬೇಕು.

ಅತ್ತೆಯನ್ನು ಹೊಸ ಹಲಗೆಯಲ್ಲಿ ಶುರು ಮಾಡಿದ್ದೇನೆ. ಈ ಸಲ ಮುಖಕ್ಕೆ ಸೆರಗು ಅಡ್ಡ ಹಿಡಿದಿದ್ದಾಳೆ. ಮೂಗುಬೊಟ್ಟಿನ ಜಗಳವೂ ಇಲ್ಲ.