ನಾದ ಮೊದಲು, ಶ್ರುತಿ ಆಮೇಲೆ

ದಾವಣಗೆರೆ ಕಡೆ ಭಜನಾ ಮಂಡಳಿಯ ಹಾರ್ಮೋನಿಯಂ ಪೆಟ್ಟಿಗೆಯಾಗಲಿ, ನಾಟಕದ ಕಾಲು ಹಾರ್ಮೋನಿಯಂ ಆಗಲಿ, ರಿಪೇರಿಗೆ ಕೊಡುವಾಗ ಹೇಳುವುದು ಒಂದೇ ಮಾತು: "ಶ್ರುತಿ ಮಾಡಿಕೊಡ್ರಿ." ಶ್ರುತಿ ಕೂಡಿದ ಮೇಲೂ ಕರಿ ಎರಡು, ಅಂದರೆ ಎರಡನೇ ಕಪ್ಪು ಮನೆ (ಕೀ), ಕಿರುಚುತ್ತದೆ, ಪಕ್ಕದ ಬಿಳಿ ಮನೆ ಮೂಗಿನಲ್ಲಿ ಹಾಡುತ್ತದೆ. ಇದು ನಾದದ, ಅಂದರೆ ದನಿಯ ಗುಣದ ದೋಷ, ಅರ ಹಾಕಿ ಉಜ್ಜಿದರೆ ಹೋಗುವುದಿಲ್ಲ.

ಪಿಯಾನೊದಲ್ಲಿ ಸುತ್ತಿಗೆಯ ಉಣ್ಣೆಗೆ ಸೂಜಿ ಚುಚ್ಚಿ ನಾದ ಮೆದು ಮಾಡುತ್ತಾರೆ. ಹಾರ್ಮೋನಿಯಂನಲ್ಲಿ ಆ ಕೆಲಸವೆಲ್ಲ ಗಾಳಿಗೆ ನಡುಗಿ ಸ್ವರ ಕೊಡುವ ರೀಡಿನ ಹಿತ್ತಾಳೆ ನಾಲಿಗೆಯಲ್ಲಿದೆ. ಮೂರೂವರೆ ಸಪ್ತಕ, ಎರಡು ಸೆಟ್ಟಿನ ಪೆಟ್ಟಿಗೆಯಲ್ಲಿ 42 ಮನೆ, 84 ರೀಡು. ಒಂದೊಂದನ್ನೂ ಬಿಚ್ಚಿ ಬೆಳಕಿಗೆ ಹಿಡಿದು ನೋಡಬೇಕು. ನಾಲಿಗೆಯ ಎರಡೂ ಪಕ್ಕ ಕೂದಲೆಳೆಯಷ್ಟು ಬೆಳಕಿನ ಗೆರೆ ಒಂದೇ ಸಮ ಕಂಡರೆ ಸರಿ. ಒಂದು ಕಡೆ ಗೆರೆ ಮಾಯವಾಗಿದ್ದರೆ ನಾಲಿಗೆ ಅಂಚಿಗೆ ತಾಗುತ್ತಿದೆ, ಗುಂಯ್‌ಗುಡುವುದು ಅದೇ. ಎಷ್ಟೋ ಸಲ ಸ್ಕ್ರೂ ಒಂದು ಕಡೆ ವಿಪರೀತ ಬಿಗಿದು ನಾಲಿಗೆ ಕೂತ ತಗಡೇ ತಿರುಚಿರುತ್ತದೆ. ಹತ್ತಿಯ ಎಳೆ, ಧೂಳು ಸಿಕ್ಕಿದ್ದರೆ ತೆಳು ಕಾಗದ ತೂರಿಸಿ ಎಳೆದರೆ ಸಾಕು.

ಆಮೇಲೆ ನಾಲಿಗೆಯ ತುದಿಯ ಎತ್ತರ. ಸುಮಾರಾಗಿ ತುದಿಯ ದಪ್ಪದಷ್ಟೇ ಅದು ತಗಡಿನಿಂದ ಮೇಲೆದ್ದಿರಬೇಕು, ಖರ್ಜದ (ತಗ್ಗು ಸ್ವರದ) ರೀಡುಗಳಲ್ಲಿ ಸ್ವಲ್ಪ ಹೆಚ್ಚು. ತಗ್ಗಿದ್ದರೆ ತಿದಿ ಜೋರಾಗಿ ಒತ್ತಿದಾಗ ಸ್ವರ ಉಸಿರು ಕಟ್ಟಿ ನಿಲ್ಲುತ್ತದೆ. ಹೆಚ್ಚಾದರೆ ಗಾಳಿ ತಿಂದು ತಡವಾಗಿ ಬಾಯಿ ಬಿಡುತ್ತದೆ, ದ್ರುತ್ ತಾನಿನಲ್ಲಿ (ವೇಗದ ಸ್ವರಸಾಲಿನಲ್ಲಿ) ಆ ಮನೆ ಹಿಂದೆ ಬೀಳುತ್ತದೆ. ಅಕ್ಕಪಕ್ಕದ ನಾಲ್ಕೈದು ಮನೆಗಳನ್ನು ಮೆಲ್ಲಗೆ, ಜೋರಾಗಿ, ಎರಡೂ ರೀತಿ ನುಡಿಸಿ ಹೋಲಿಸಬೇಕು. ಜೋರಿನಲ್ಲಿ ಸಮವಿದ್ದದ್ದು ಮೆಲ್ಲಗಿನಲ್ಲಿ ಸಮವಿರುವುದಿಲ್ಲ. ಈ ಪರೀಕ್ಷೆ ಬಿಟ್ಟವರ ಕೆಲಸವನ್ನು ನಾನು ಪೂರ್ತಿ ಕೆಲಸ ಅನ್ನಲಾರೆ.

ಎತ್ತರ ಬದಲಾದರೆ ಶ್ರುತಿಯೂ ಜರುಗುತ್ತದೆ. ಅದಕ್ಕೇ ಶ್ರುತಿ ಕೊನೆಗೆ. ನಾಲಿಗೆಯ ಕೆಳಗೆ ಬ್ಲೇಡು ತೂರಿಸಿ ಆಸರೆ ಕೊಟ್ಟು ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಎರಡು ಮೂರು ಎಳೆತ, ಅಷ್ಟೇ. ಉಜ್ಜಿದ ಹಿತ್ತಾಳೆ ಬಿಸಿಯಾಗಿ ಸ್ವರ ತಗ್ಗಿದಂತೆ ಕೇಳುತ್ತದೆ, ಆರುವವರೆಗೆ ಕೈ ತಡೆಯಬೇಕು. ಆತುರಕ್ಕೆ ಮತ್ತೆ ತುದಿ ಕೆರೆದರೆ ತಣ್ಣಗಾದ ಮೇಲೆ ಏರಿರುತ್ತದೆ, ಆಗ ಬುಡ ಕೆರೆಯಬೇಕು. ಹೀಗೆ ಎರಡೂ ಕಡೆ ಸವೆದ ನಾಲಿಗೆಗೆ ಹಳೆಯ ತುಂಬುದನಿ ಮರಳಿ ಬರುವುದಿಲ್ಲ.