ನಾನು ಸೈಕಾಲಜಿ ಕಲಿತದ್ದು ಕಮ್ಯುನಿಟಿ ಕಾಲೇಜಿನಲ್ಲೇ

ಕ್ಯಾಲಿಫೋರ್ನಿಯಾಕ್ಕೆ ಬಂದು ಮತ್ತೆ ಓದಬೇಕು ಅಂದುಕೊಳ್ಳುವ ಗೆಳತಿಯರು ನನ್ನನ್ನು ಕೇಳುತ್ತಿರುತ್ತಾರೆ: ಕಮ್ಯುನಿಟಿ ಕಾಲೇಜಿಗೆ ಸೇರಿದರೆ ಎರಡು ವರ್ಷ ಸುಮ್ನೆ ಹೋಗೋದಿಲ್ವಾ? ಇಲ್ಲ. ಅಲ್ಲಿ ಪದವಿಯ ಮೊದಲ ಎರಡು ವರ್ಷ ಓದಿ, ಉಳಿದದ್ದಕ್ಕೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಬಹುದು. ಸೈಕಾಲಜಿ ಓದುವವರಿಗೆ ಅಷ್ಟು ಒಳ್ಳೆಯ ಕ್ಲಾಸ್‌ರೂಮನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲು ಲೆಕ್ಕಾಚಾರ ಮುಗಿಸಿಬಿಡುತ್ತೇನೆ. ರಾಜ್ಯದ ನಿವಾಸಿ ಅಂತ ಒಪ್ಪಿಕೊಂಡವರಿಗೆ ಯೂನಿಟ್‌ಗೆ, ಅಂದರೆ ಕೋರ್ಸಿನ ಒಂದು ಕ್ರೆಡಿಟ್‌ಗೆ, 46 ಡಾಲರ್ ಫೀಸು. 2010ರ ಕಾನೂನಿನಿಂದಾಗಿ ಟ್ರಾನ್ಸ್‌ಫರ್‌ಗೆಂದೇ ಅಸೋಸಿಯೇಟ್ ಡಿಗ್ರಿ ಅನ್ನುವ ಎರಡು ವರ್ಷದ ಪದವಿ ಇದೆ. ಅದರ 60 ಯೂನಿಟ್ ಮುಗಿಸಿ ಗ್ರೇಡೂ ಸರಿಯಾಗಿದ್ದರೆ ಕ್ಯಾಲ್ ಸ್ಟೇಟ್‌ನಲ್ಲಿ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಸೀಟು ಖಾತ್ರಿ. ಆದರೆ ನಿಮಗೆ ಬೇಕಾದ ಕ್ಯಾಂಪಸ್ಸೇ ಸಿಗುತ್ತದೆ ಅಂತಲ್ಲ. ಯುಸಿಯಲ್ಲಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) 6 ಕ್ಯಾಂಪಸ್‌ಗಳು ಮುಂಚಿತವಾಗಿಯೇ ಖಾತ್ರಿ ಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊ ಅದರಲ್ಲಿಲ್ಲ. ನಿಮ್ಮ ಯಾವ ಕೋರ್ಸನ್ನು ಯಾವ ಕ್ಯಾಂಪಸ್ ಒಪ್ಪುತ್ತದೆ ಅನ್ನೋದು ಅಸಿಸ್ಟ್ ವೆಬ್‌ಸೈಟಿನಲ್ಲಿ ಸಿಗುತ್ತದೆ. ಮೊದಲ ಸೆಮಿಸ್ಟರಿಗೆ ಹೆಸರು ಕೊಡುವ ಮುಂಚೆಯೇ ನೋಡಿಕೊಳ್ಳಿ.

ಈಗ ಕ್ಲಾಸಿನ ವಿಷಯ. ನಮ್ಮಲ್ಲಿ ಹೈಸ್ಕೂಲು ಮುಗಿಸಿ ಬಂದ ಹುಡುಗರಿದ್ದರು. ರಾತ್ರಿ ಪಾಳಿ ಮುಗಿಸಿ ನೇರ ಕ್ಲಾಸಿಗೆ ಬರುವ ನರ್ಸಿಂಗ್ ಸಹಾಯಕ ಒಬ್ಬರಿದ್ದರು. ಎಷ್ಟೋ ವರ್ಷ ಡೇ ಕೇರ್ ನಡೆಸಿದ್ದ ಹಿರಿಯ ಹೆಂಗಸೊಬ್ಬರು ಯಾವಾಗಲೂ ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು. ಅವರಿಂದ ನಾನು ಕಲಿತಷ್ಟು ಪಠ್ಯಪುಸ್ತಕದಿಂದಲೂ ಕಲಿಯಲಿಲ್ಲ.

ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಅಂತ ಅಧ್ಯಯನ ಮಾಡಿದ ಸೈಕಾಲಜಿಸ್ಟ್ ಪಿಯಾಜೆಯ ಪಾಠ ನಡೆಯುತ್ತಿದ್ದಾಗ ನಾನು ಮನೆಯಲ್ಲಿ ಐದು ವರ್ಷದ ಮಗಳ ಮುಂದೆ ಒಂದೇ ಥರದ ಎರಡು ಲೋಟ ಇಟ್ಟೆ. ಎರಡರಲ್ಲೂ ಸಮ ನೀರು. "ಎರಡರಲ್ಲೂ ಒಂದೇ ಸಮ ಇದೆಯಾ?" "ಹೂಂ." ಒಂದು ಲೋಟದ ನೀರನ್ನು ಅವಳ ಕಣ್ಣೆದುರೇ ಎತ್ತರದ, ಸಪೂರ ಗ್ಲಾಸಿಗೆ ಸುರಿದು ಮತ್ತೆ ಅದನ್ನೇ ಕೇಳಿದೆ. ಅವಳು ನನ್ನ ಮುಖ ನೋಡಿದಳು, ಗ್ಲಾಸು ನೋಡಿದಳು. "ಇದರಲ್ಲಿ ಜಾಸ್ತಿ" ಅಂದಳು. ಏಳು ವರ್ಷದೊಳಗಿನ ಮಕ್ಕಳು ಹೀಗೇ ಹೇಳುತ್ತಾರೆ ಅಂತ ಪುಸ್ತಕದಲ್ಲಿದ್ದದ್ದು ನನ್ನ ಅಡುಗೆಮನೆಯಲ್ಲೇ ನಡೆದಿತ್ತು. ಮರುದಿನ ಕ್ಲಾಸಿನಲ್ಲಿ ಖುಷಿಯಿಂದ ಹೇಳಿದೆ.

ಮುಂದಿನ ಸಾಲಿನ ಆ ಹಿರಿಯರು ಕೈ ಎತ್ತಿದರು. "ದೊಡ್ಡವರು ಅದೇ ಪ್ರಶ್ನೆ ಎರಡನೇ ಸಲ ಕೇಳಿದರೆ ಮಕ್ಕಳು ಮೊದಲು ಹೇಳಿದ್ದು ತಪ್ಪು ಅಂದ್ಕೊಂಡು ಉತ್ತರ ಬದಲಾಯಿಸ್ತಾರೆ. ದಿನಾ ನೋಡಿದೀನಿ" ಅಂದರು.

ಮೇಷ್ಟ್ರು ಆ ದಿನದ ಸ್ಲೈಡುಗಳನ್ನು ಅಲ್ಲಿಗೇ ನಿಲ್ಲಿಸಿದರು. ಇದೇ ಅನುಮಾನದಿಂದ 1974ರಲ್ಲಿ ರೋಸ್ ಮತ್ತು ಬ್ಲ್ಯಾಂಕ್ ಎಂಬ ಇಬ್ಬರು ಸಂಶೋಧಕಿಯರು ಪ್ರಶ್ನೆಯನ್ನು ಒಂದೇ ಸಲ, ಬದಲಾವಣೆ ಮಾಡಿದ ಮೇಲೆ ಮಾತ್ರ ಕೇಳಿ ನೋಡಿದ್ದರಂತೆ. ಸರಿ ಉತ್ತರ ಜಾಸ್ತಿ ಬಂತು. 1984ರಲ್ಲಿ ಸ್ಯಾಮ್ಯುಯೆಲ್ ಮತ್ತು ಬ್ರಯಂಟ್ 252 ಮಕ್ಕಳ ಜೊತೆ ಮತ್ತೆ ಪರೀಕ್ಷಿಸಿದರು. ಅಲ್ಲೂ ಒಂದೇ ಸಲ ಕೇಳಿಸಿಕೊಂಡ ಮಕ್ಕಳು ಕಡಿಮೆ ತಪ್ಪು ಮಾಡಿದರು. ಹಾಗಂತ ಪಿಯಾಜೆ ಪೂರ್ತಿ ಬಿದ್ದುಹೋಗಲಿಲ್ಲ. ಹೇಗೇ ಕೇಳಿದರೂ ದೊಡ್ಡ ಮಕ್ಕಳು ಚಿಕ್ಕವರಿಗಿಂತ ಚೆನ್ನಾಗಿಯೇ ಉತ್ತರಿಸಿದ್ದರು.

ಡೇ ಕೇರ್‌ನಲ್ಲಿ ಕಣ್ಣಾರೆ ಕಂಡದ್ದು ಒಂದು ಪ್ರಯೋಗವಾಗಿ ನಿಲ್ಲುವುದು ಹೇಗೆ ಅನ್ನೋದು ನನಗೆ ಅವತ್ತು ಅರ್ಥವಾಯಿತು. ಆಮೇಲೆ ರಿಸರ್ಚ್ ಮೆಥಡ್ಸ್ ಕ್ಲಾಸಿನಲ್ಲಿ ಕಂಟ್ರೋಲ್ ಗ್ರೂಪ್ (ಹೋಲಿಸಿ ನೋಡಲು ಇಟ್ಟ ಗುಂಪು) ಅಂದಾಗೆಲ್ಲ ಮಗಳು ನನ್ನ ಮುಖ ನೋಡಿದ್ದೇ ನೆನಪಾಗುತ್ತಿತ್ತು. ನಾವು ಮೂವತ್ತು ಜನರೂ ಇರಲಿಲ್ಲ, ಹಾಗಾಗಿ ಯಾರು ಕೈ ಎತ್ತಿದರೂ ಮೇಷ್ಟ್ರಿಗೆ ಕಾಣುತ್ತಿತ್ತು. ಟ್ರಾನ್ಸ್‌ಫರ್ ಆದ ಮೇಲೆ ನಾನು ಕೂತ ದೊಡ್ಡ ಹಾಲ್‌ನಲ್ಲಿ ಪಾಠ ಚೆನ್ನಾಗಿಯೇ ಇತ್ತು, ಆದರೆ ಅಲ್ಲಿ ಯಾರೂ ಸ್ಲೈಡ್ ನಿಲ್ಲಿಸುತ್ತಿರಲಿಲ್ಲ.

ಸ್ಟ್ಯಾಟಿಸ್ಟಿಕ್ಸ್‌ಗೆ ಹೆದರಿ ಅದನ್ನು ಟ್ರಾನ್ಸ್‌ಫರ್ ಆದ ಮೇಲೆ ಮಾಡೋಣ ಅನ್ನುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಟ್ರಾನ್ಸ್‌ಫರ್ ಡಿಗ್ರಿಗೆ ಅದೂ ಬೇಕು, ರಿಸರ್ಚ್ ಮೆಥಡ್ಸೂ ಬೇಕು. ಮಕ್ಕಳ ಬೆಳವಣಿಗೆಯ ಲ್ಯಾಬ್ ಒಂದರಲ್ಲಿ ಕೆಲಸ ಕೇಳಲು ಹೋದಾಗ ನನ್ನನ್ನು ಮೊದಲು ವಿಚಾರಿಸಿದ್ದೇ ಈ ಎರಡರ ಬಗ್ಗೆ. ಎರಡೂ ಮುಗಿದಿದ್ದರಿಂದ ಮೊದಲ ಸೆಮಿಸ್ಟರಿನಲ್ಲೇ ನನ್ನನ್ನು ಸೇರಿಸಿಕೊಂಡರು.