ಬೀಗ ಹಾಕಿದ ಫೈಲ್, ಬಾಯಿಬಿಡುವ ಪ್ರಾಕ್

ಹಲವು ತಂಡಗಳು ಹಂಚಿಕೊಂಡು ಬಳಸುವ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಪರ್ಮಿಷನ್ ತಪಾಸಣೆ ಎಂದರೆ ಸಾಮಾನ್ಯವಾಗಿ ಒಂದೇ ಪದ್ಧತಿ: ಡೈರೆಕ್ಟರಿಗಳನ್ನೆಲ್ಲ ಜಾಲಾಡಿ, 0644 (ಎಲ್ಲರೂ ಓದಬಹುದು) ಇರುವ ಗುಟ್ಟಿನ ಫೈಲುಗಳನ್ನು 0600 (ಮಾಲೀಕರಿಗೆ ಮಾತ್ರ) ಮಾಡಿ, ವರದಿ ಮುಗಿಸುವುದು. ಅದು ಬೇಕೇ ಬೇಕು. ಆದರೆ ನನ್ನ ಕಣ್ಣಿಗೆ ಬಿದ್ದ ಸೋರಿಕೆಗಳಲ್ಲಿ ಹೆಚ್ಚಿನವು ಡಿಸ್ಕಿನ ಮೇಲಿದ್ದ ಫೈಲುಗಳಿಂದ ಆದದ್ದಲ್ಲ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ತಾನೇ ಫೈಲಿನ ವೇಷದಲ್ಲಿ ತೆರೆದಿಡುವ /ಪ್ರಾಕ್, /ಸಿಸ್, /ಡೆವ್‌ಗಳಿಂದ ಆದದ್ದು.

ಒಂದು ಪ್ರಕರಣ ಹೇಳುತ್ತೇನೆ. ಒಂದು ತಂಡದ ಬ್ಯಾಕಪ್ ಸ್ಕ್ರಿಪ್ಟ್ ದಿನವೂ ರಾತ್ರಿ ಓಡುತ್ತಿತ್ತು. ಡೇಟಾಬೇಸ್ ಪಾಸ್‌ವರ್ಡ್ ಇದ್ದ ಫೈಲಿಗೆ 0600, ಮಾಲೀಕರೂ ಸರಿ, ತಪಾಸಣೆಯಲ್ಲಿ ಪೂರ್ತಿ ಪಾಸ್. ಸ್ಕ್ರಿಪ್ಟ್ ಆ ಫೈಲಿನಿಂದ ಪಾಸ್‌ವರ್ಡ್ ಓದಿ, ಬ್ಯಾಕಪ್ ಪ್ರೋಗ್ರಾಂಗೆ ಕಮಾಂಡ್ ಲೈನಿನಲ್ಲೇ ಕೊಡುತ್ತಿತ್ತು. ಅಲ್ಲಿಗೆ ಗುಟ್ಟು ಹೊರಗೆ ಬಿತ್ತು. /ಪ್ರಾಕ್‌ನಲ್ಲಿ ಪ್ರತಿ ಪ್ರೊಸೆಸ್‌ಗೂ, ಅಂದರೆ ಓಡುತ್ತಿರುವ ಪ್ರೋಗ್ರಾಂಗೂ, ಅದರ ನಂಬರಿನದೇ ಒಂದು ಡೈರೆಕ್ಟರಿ ಇರುತ್ತದೆ. ಅದರೊಳಗೆ ಎನ್ವಿರಾನ್ಮೆಂಟ್ ವೇರಿಯಬಲ್‌ಗಳಿರುವ ಎನ್ವಿರಾನ್ ಎಂಬ ಫೈಲಿಗೆ 0400 (ಮಾಲೀಕರು ಮಾತ್ರ ಓದಬಹುದು), ಪಕ್ಕದಲ್ಲೇ ಇರುವ, ಕಮಾಂಡ್ ಲೈನ್ ತೋರಿಸುವ ಸಿಎಂಡಿಲೈನ್‌ಗೆ 0444 (ಎಲ್ಲರೂ ಓದಬಹುದು). ಅಂದರೆ ಆ ಸರ್ವರಿನಲ್ಲಿ ಲಾಗಿನ್ ಇದ್ದ ಯಾರೇ ಆಗಲಿ ಆ ಹೊತ್ತಿಗೆ ಪ್ರೊಸೆಸ್‌ಗಳ ಪಟ್ಟಿ ತೋರಿಸುವ ಪಿಎಸ್ ಕಮಾಂಡ್ ಓಡಿಸಿದರೆ ಪಾಸ್‌ವರ್ಡ್ ಅಕ್ಷರ ಅಕ್ಷರವಾಗಿ ಕಾಣುತ್ತಿತ್ತು.

ಕೆಲವು ಪ್ರೋಗ್ರಾಂಗಳು ಶುರುವಾದ ಕೂಡಲೇ ತಮ್ಮ ಆರ್ಗ್ಯುಮೆಂಟಿನಲ್ಲಿರುವ ಪಾಸ್‌ವರ್ಡನ್ನು ಅಳಿಸಿಕೊಳ್ಳುತ್ತವೆ ನಿಜ, ಆದರೆ ಶುರುವಾಗುವುದಕ್ಕೂ ಅಳಿಸುವುದಕ್ಕೂ ನಡುವೆ ಕ್ಷಣಕಾಲ ಅದು ಬಯಲಲ್ಲೇ ಇರುತ್ತದೆ. ಕಾದು ಕೂತವರಿಗೆ ಅಷ್ಟು ಸಾಕು. ಪ್ರೋಗ್ರಾಂ ಶುರುವಾಗುವಾಗ ಅದಕ್ಕೆ ಹೆಸರು-ಮೌಲ್ಯವಾಗಿ ಸಿಗುವ ಎನ್ವಿರಾನ್ಮೆಂಟ್ ವೇರಿಯಬಲ್ಲಿಗೆ ಹಾಕಿದರೆ ಪಿಎಸ್ ಬಾಧೆ ತಪ್ಪುತ್ತದೆ, ಆದರೆ ಅದು ಮರಿ ಪ್ರೊಸೆಸ್‌ಗಳಿಗೆಲ್ಲ ಹರಿದುಹೋಗುತ್ತದೆ, ಕ್ರ್ಯಾಶ್ ರಿಪೋರ್ಟುಗಳಲ್ಲೂ ಬಂದು ಕೂರಬಹುದು. ಪ್ರೋಗ್ರಾಂ ತಾನೇ ಆ 0600 ಫೈಲನ್ನು ಓದುವಂತೆ ಮಾಡುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಇಲ್ಲಿಯೂ ಹಾಗೆಯೇ ಮಾಡಿಸಿದೆವು, ಪಾಸ್‌ವರ್ಡನ್ನೂ ಬದಲಾಯಿಸಿದೆವು.

/ಪ್ರಾಕ್ ಅನ್ನು ಮೌಂಟ್ ಮಾಡುವಾಗ (ಸಿಸ್ಟಮ್‌ಗೆ ಜೋಡಿಸುವಾಗ) ಹೈಡ್‌ಪಿಡ್ ಎಂಬ ಆಯ್ಕೆ ಕೊಡಬಹುದು. 2012ರ ಲಿನಕ್ಸ್ 3.3ರಿಂದ ಇದೆ. 1 ಕೊಟ್ಟರೆ ಬೇರೆಯವರ ಪ್ರೊಸೆಸ್ ಡೈರೆಕ್ಟರಿ ಕಾಣುತ್ತದೆ, ಒಳಗೆ ಹೋಗಲಾಗುವುದಿಲ್ಲ. 2 ಕೊಟ್ಟರೆ ಕಾಣುವುದೂ ಇಲ್ಲ. ನಾವು 2 ಹಾಕಿದ ಮೇಲೆ ಮಾನಿಟರಿಂಗ್ ಏಜೆಂಟಿಗೆ ಕಣ್ಣೇ ಹೋದಂತಾಯಿತು. ಅದಕ್ಕೆಂದೇ ಒಂದು ಗ್ರೂಪಿಗೆ ಮಾತ್ರ ವಿನಾಯಿತಿ ಕೊಡುವ ಜಿಐಡಿ ಆಯ್ಕೆ ಇದೆ. ಹೈಡ್‌ಪಿಡ್ ಹಾಕಿದರೂ ಇಂಥ ನಂಬರಿನ ಪ್ರೊಸೆಸ್ ಇದೆಯೋ ಇಲ್ಲವೋ ಎಂಬುದು ಮುಚ್ಚಿಹೋಗುವುದಿಲ್ಲ. ಪ್ರೊಸೆಸ್‌ಗೆ ಸಿಗ್ನಲ್ ಕಳಿಸುವ ಕಿಲ್ ಕರೆಗೆ 0 ಸಿಗ್ನಲ್ ಕೊಟ್ಟು ನೋಡಿದರೆ, ಪ್ರೊಸೆಸ್ ಇದ್ದಾಗ ‘ಅನುಮತಿ ಇಲ್ಲ’ ಎಂದೂ ಇಲ್ಲದಿದ್ದಾಗ ‘ಅಂಥ ಪ್ರೊಸೆಸ್ಸೇ ಇಲ್ಲ’ ಎಂದೂ ಉತ್ತರ ಬರುತ್ತದೆ. ಡೈರೆಕ್ಟರಿಗಳಲ್ಲೂ ಇದೇ ಕತೆ. ಓದುವ ಬಿಟ್ ತೆಗೆದು, ಒಳಗೆ ಹೋಗಲು ಬಿಡುವ ಎಕ್ಸ್ ಬಿಟ್ ಮಾತ್ರ ಉಳಿಸಿದರೆ ಹೆಸರುಗಳ ಪಟ್ಟಿ ಸಿಗದು. ಆದರೆ ಹೆಸರು ಊಹಿಸಿ ಸ್ಟ್ಯಾಟ್ ಮಾಡಿದವರಿಗೆ (ಫೈಲಿನ ವಿವರ ಕೇಳಿದವರಿಗೆ) ಫೈಲ್ ಇರುವುದು, ಅದರ ಗಾತ್ರ, ಕೊನೆಯ ಬಾರಿ ಬದಲಾದ ಹೊತ್ತು ಎಲ್ಲವೂ ಸಿಗುತ್ತದೆ. ಫೈಲಿನ ಓದುವ ಪರ್ಮಿಷನ್ ಅದಕ್ಕೆ ಬೇಕಿಲ್ಲ.

ಇನ್ನು ತಪಾಸಣೆ ಯಾವಾಗ ಆಗುತ್ತದೆ ಎಂಬ ಪ್ರಶ್ನೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಮಾಮೂಲಿ ಫೈಲಿನ ಪರ್ಮಿಷನ್ ಬಿಟ್‌ಗಳನ್ನು ಕರ್ನಲ್ ನೋಡುವುದು ಓಪನ್ ಮಾಡುವಾಗ. ತೆರೆದ ಫೈಲಿನ ಹಿಡಿಕೆಯಾದ ಡಿಸ್ಕ್ರಿಪ್ಟರ್ ಕೈಗೆ ಬಂದ ಮೇಲೆ ಸಿಎಚ್‌ಮಾಡ್ ಕಮಾಂಡಿನಿಂದ ಪರ್ಮಿಷನ್ ಬದಲಿಸಿದರೂ ತೆರೆದವರ ಓದು ನಿಲ್ಲುವುದಿಲ್ಲ. ಹೊಸ ಫೈಲಿನಿಂದ ಯಾವ ಪರ್ಮಿಷನ್ ಕಳೆಯಬೇಕು ಎಂದು ಹೇಳುವ ಯುಮಾಸ್ಕ್ 022 (ಇತರರು ಓದಬಹುದು, ಬರೆಯಲಾಗದು) ಇರುವ ಸ್ಕ್ರಿಪ್ಟ್ ಮೊದಲು ಫೈಲ್ ಸೃಷ್ಟಿಸಿ, ಮುಂದಿನ ಸಾಲಿನಲ್ಲಿ 0600 ಮಾಡುತ್ತದೆ ಅಂದುಕೊಳ್ಳಿ. ಆ ಎರಡು ಸಾಲುಗಳ ನಡುವೆ ಇನ್ನೊಬ್ಬರು ಅದನ್ನು ತೆರೆದಿಟ್ಟುಕೊಂಡರೆ, ಆಮೇಲೆ ಬರೆದ ಗುಟ್ಟೂ ಅವರಿಗೆ ಸಿಗುತ್ತದೆ. ಸ್ಕ್ರಿಪ್ಟಿನ ತಲೆಯಲ್ಲೇ ಯುಮಾಸ್ಕ್ 077 (ಇತರರಿಗೆ ಏನೂ ಇಲ್ಲ) ಎಂದು ಬರೆದರೆ ಆ ಸಂದೇ ಇರುವುದಿಲ್ಲ.

/ಪ್ರಾಕ್‌ನಲ್ಲಿ ಇದು ಇನ್ನೂ ಜಟಿಲ. ಫೈಲ್ ತೆರೆದ ಮೇಲೆ ಅದರ ಹಿಂದಿರುವ ಪ್ರೊಸೆಸ್ಸೇ ಸೆಟ್‌ಯುಐಡಿ ಪ್ರೋಗ್ರಾಂ (ಯಾರೇ ಓಡಿಸಿದರೂ ತನ್ನ ಮಾಲೀಕರ ಅಧಿಕಾರದಲ್ಲಿ ಓಡುವಂಥದ್ದು) ಓಡಿಸಿ, ಎಲ್ಲ ಅಧಿಕಾರ ಇರುವ ರೂಟ್ ಆಗಿಬಿಡಬಹುದು. ಆಗ ಓಪನ್ ಹೊತ್ತಿನ ತಪಾಸಣೆ ಹಳಸಿತು. ಹಾಗಾದರೆ ಓದುವಾಗ, ಬರೆಯುವಾಗ ಪರೀಕ್ಷಿಸೋಣ ಎಂದರೆ ಬೇರೆ ಅಪಾಯ: ಡಿಸ್ಕ್ರಿಪ್ಟರನ್ನು ಸೆಟ್‌ಯುಐಡಿ ಪ್ರೋಗ್ರಾಂನ ಕೈಗೆ ಕೊಟ್ಟು, ರೂಟ್ ಅಧಿಕಾರದಲ್ಲಿ ಅದರಿಂದಲೇ ಬರೆಸಬಹುದು. 2012ರಲ್ಲಿ ಸಿವಿಇ-2012-0056 ಎಂಬ ನಂಬರಿನಲ್ಲಿ ದಾಖಲಾದ ಭದ್ರತಾ ದೋಷ ಹೀಗೇ. ಪ್ರೊಸೆಸ್‌ನ ಮೆಮೊರಿಯನ್ನೇ ಫೈಲಾಗಿ ತೋರಿಸುವ ಮೆಮ್ ಎಂಬ ಫೈಲಿಗೆ ಬರೆಯಲು 2.6.39 ಕರ್ನಲ್‌ನಿಂದ ಅವಕಾಶ ಕೊಟ್ಟಿದ್ದರು, ಬರೆಯುವ ಹೊತ್ತಿನ ತಪಾಸಣೆ ದುರ್ಬಲವಾಗಿತ್ತು. ಬೇರೆ ಬಳಕೆದಾರರಾಗಲು ಬಳಸುವ, ಸೆಟ್‌ಯುಐಡಿಯೇ ಆದ ಎಸ್‌ಯು ಕಮಾಂಡಿನ ಎರರ್ ಔಟ್‌ಪುಟ್ಟನ್ನು ಅದರದೇ ಮೆಮೊರಿಯ ಕಡೆಗೆ ತಿರುಗಿಸಿ, ದಾಳಿಕೋರರು ತಮಗೆ ಬೇಕಾದ ಕೋಡನ್ನು ಎರರ್ ಸಂದೇಶದೊಳಗೆ ತುರುಕಿ ರೂಟ್ ಆಗುತ್ತಿದ್ದರು. ತಿದ್ದುಪಡಿ ಬಂದ ಮೇಲೆ ಯಾವ ಮೆಮೊರಿ ಎಂಬುದು ಓಪನ್ ಹೊತ್ತಿಗೇ ನಿಶ್ಚಯವಾಗುತ್ತದೆ. ಪ್ರೊಸೆಸ್ ಆಮೇಲೆ ಬೇರೆ ಪ್ರೋಗ್ರಾಂ ಓಡಿಸಿದರೂ ಡಿಸ್ಕ್ರಿಪ್ಟರ್ ಹಳೆಯದಕ್ಕೇ ಅಂಟಿಕೊಂಡಿರುತ್ತದೆ.

ನಿರುಪದ್ರವಿ ಎಂದು ಕಾಣುವ ಅಂಕಿಗಳೂ ಬಾಯಿಬಿಡುತ್ತವೆ. ಟರ್ಮಿನಲ್ ಡಿವೈಸ್ ಫೈಲುಗಳ ಸಮಯದ ಗುರುತನ್ನು ನೋಡುತ್ತಾ ಕೂತರೆ ಇನ್ನೊಬ್ಬರು ಕೀಲಿ ಒತ್ತಿದ ಲಯ ತಿಳಿಯುತ್ತಿತ್ತು, ಅದರಿಂದ ಪಾಸ್‌ವರ್ಡ್ ಎಷ್ಟುದ್ದ ಎಂದು ಊಹಿಸಬಹುದಿತ್ತು. 2013ರಲ್ಲಿ ಆ ಗುರುತನ್ನು 8 ಸೆಕೆಂಡಿನ ಮಟ್ಟಕ್ಕೆ ಒರಟು ಮಾಡಿದರು. 2020ರ ನವೆಂಬರಿನಲ್ಲಿ ಪ್ಲಾಟಿಪಸ್ ಎಂಬ ದಾಳಿ ಬಯಲಾಯಿತು. ಇಂಟೆಲ್ ಪ್ರೊಸೆಸರ್ ಎಷ್ಟು ವಿದ್ಯುತ್ ಬಳಸಿತು ಎಂದು /ಸಿಸ್‌ನಲ್ಲಿ ಎಲ್ಲರಿಗೂ ಕಾಣುತ್ತಿದ್ದ ಒಂದು ಅಂಕಿಯಿಂದ ಕ್ರಿಪ್ಟೋ ಕೀಗಳವರೆಗೆ ತಲುಪಬಹುದು ಎಂದು ಸಂಶೋಧಕರು ತೋರಿಸಿದರು. ಲಿನಕ್ಸ್ ಆ ಫೈಲನ್ನು 0400 ಮಾಡಿತು.

ಇದಾದ ಮೇಲೆ ನಮ್ಮಲ್ಲಿ ಒಂದು ತಂಡದವರು ವಿದ್ಯುತ್ ಬಳಕೆಯ ಗ್ರಾಫ್ ನಿಂತುಹೋಯಿತು, ಹಳೆಯ 0444ಕ್ಕೇ ತನ್ನಿ ಎಂದು ಕೇಳಿದರು. ಅವರ ಅಗತ್ಯ ನ್ಯಾಯವಾದದ್ದೇ. ನಿಮಗೆ ಎಷ್ಟು ಹೊತ್ತಿಗೊಮ್ಮೆ ಅಂಕಿ ಬೇಕು ಎಂದು ಕೇಳಿದಾಗ ನಿಮಿಷಕ್ಕೊಮ್ಮೆ ಸಾಕು ಎಂದರು. ಆ ವಿದ್ಯುತ್ ಅಂಕಿ ಬದಲಾಗುವುದು ಸುಮಾರು ಒಂದು ಮಿಲಿಸೆಕೆಂಡಿಗೊಮ್ಮೆ; ಅಷ್ಟು ಸೂಕ್ಷ್ಮ ವಿವರ ಇವರಿಗೆ ಬೇಕಿರಲಿಲ್ಲ. ಹಾಗಾಗಿ ಫೈಲನ್ನು ಮುಟ್ಟಲಿಲ್ಲ. ರೂಟ್ ಆಗಿ ಓಡುವ ಸಣ್ಣದೊಂದು ಸರ್ವಿಸ್ ನಿಮಿಷದ ಸರಾಸರಿ ತೆಗೆದು ಅವರ ಗ್ರೂಪಿಗೆ ಮಾತ್ರ ಕಾಣುವ ಫೈಲಿಗೆ ಬರೆಯುತ್ತದೆ. ಈಗ ಕೈಯಲ್ಲಿರುವ ಕೆಲಸ ಹೈಡ್‌ಪಿಡ್ ವಿನಾಯಿತಿಯ ಗ್ರೂಪಿನಲ್ಲಿ ಯಾರು ಯಾರು ಇದ್ದಾರೆ ಎಂದು ನೋಡುವುದು. ಏಜೆಂಟಿಗೆಂದು ಮಾಡಿದ ಆ ಗ್ರೂಪಿಗೆ ಡೀಬಗ್ ಮಾಡಲೆಂದು ಸೇರಿಸಿದ ಕೆಲವು ಹೆಸರುಗಳು ಇನ್ನೂ ಉಳಿದುಕೊಂಡಿವೆ.